ಸಯಾಮ್ ಬೆಕ್ಕಿನ ನಾಲ್ಕನೆಯ ಮರಿ

ಬಾಗಿಲನ್ನು ಯಾರೋ ಉಗುರಿನಿಂದ ಮೆಲ್ಲಗೆ ಕೆರೆದಂತಾಯಿತು. ಸರ್ವಮಂಗಳಾ ಹಾಸಿಗೆಯಲ್ಲೇ ಆಲಿಸಿದಳು. ಪಕ್ಕದಲ್ಲಿ ಗಂಡ ಶಾಂತವೀರಪ್ಪನಿಗೆ ಗಾಢನಿದ್ದೆ. ಕೆರೆತ ನಿಂತಿತು. ನಡುಮನೆಯಿಂದ ಎಳೆಗೂಸು ಅತ್ತಂತೆ ಒಂದು ಕೂಗು ಎದ್ದಿತು.

ಅದು ಮನೆ ಮಾಲೀಕರಾದ ಮೀನಾಕ್ಷಮ್ಮನವರ ಬೆಕ್ಕು. ಕಲ್ಕತ್ತೆಯಿಂದ ಅವರ ತಮ್ಮ ರೈಲಿನಲ್ಲಿ ತಂದುಕೊಟ್ಟ ಸಯಾಮ್ ಜಾತಿಯದು. ಗಿಡ್ಡ ಕೂದಲಿನ ನುಣುಪಾದ ಕೆನೆಬಣ್ಣದ ಮೈ. ಮುಖ, ಕಿವಿ, ಕಾಲು, ಬಾಲಕ್ಕೆ ಮಾತ್ರ ಮಸಿ ಬಳಿದಂತೆ. ಕಣ್ಣು ಹಗಲಲ್ಲಿ ನೀಲಿ, ಟಾರ್ಚಿನ ಬೆಳಕಿಗೆ ಕೆಂಡ. ಮೈಸೂರಿಗೆ ಹೊರಟ ಮೀನಾಕ್ಷಮ್ಮ ಅದನ್ನು ಹಿತ್ತಿಲಿನ ಮನೆಯಲ್ಲಿ ಬಾಡಿಗೆಗಿದ್ದ ಇವಳ ಕೈಗೊಪ್ಪಿಸಿ, "ಎಷ್ಟು ಕೂಗಿದ್ರೂ ಬಾಗಿಲು ತೆಗೀಬೇಡ ಕಣೇ" ಎಂದಿದ್ದರು. ಯಾಕೆಂದು ಕೇಳುವ ಧೈರ್ಯ ಇವಳಿಗಿರಲಿಲ್ಲ. ಬೆಕ್ಕಿನ ಬಾಲ ತುಳಿದರೆಂಬ ಕಾರಣಕ್ಕೆ ಹಿಂದಿನ ಬಾಡಿಗೆದಾರರನ್ನು ಮನೆ ಬಿಡಿಸಿದ್ದವರು ಅವರು. ಈ ಮನೆ ಹೋದರೆ ಮತ್ತೆ ಸಾರಕ್ಕಿಯ ಆ ಒಂಟಿ ಕೋಣೆ, ಐದು ಮನೆಗೊಂದು ಬಾವಿ. ಹೊಸ ಬಡಾವಣೆ ಜಯನಗರದಲ್ಲಿ ಮನೆಯೊಳಗೇ ನಲ್ಲಿಯಿರುವ ಇನ್ನೊಂದು ಜಾಗ ಗಂಡಹೆಂಡಿರ ಕೈಗೆಟುಕುವಂತಿರಲಿಲ್ಲ.

ದೀಪ ಹಾಕಿದಳು. ಬೆಕ್ಕು ಕೆನ್ನೆಯನ್ನು ನೆಲಕ್ಕೊತ್ತಿ, ಸೊಂಟ ಮೇಲೆತ್ತಿ, ಹೊರಳಾಡಿ ನರಳುತ್ತಿತ್ತು. ಸಂಜೆ ಹಾಕಿದ ಹಾಲಿನಲ್ಲಿ ಏನಾದರೂ ಬಿದ್ದಿತ್ತೇ? ಇದು ತನ್ನ ಕಣ್ಣೆದುರೇ ಸತ್ತರೆ? ಹೊಟ್ಟೆ ಕೆಟ್ಟ ಬೆಕ್ಕು ಗರಿಕೆ ತಿಂದು ಸರಿಹೋಗುವುದನ್ನು ತವರಿನಲ್ಲಿ ಕಂಡಿದ್ದಳು. ಮುಂಬಾಗಿಲಿನ ಪಕ್ಕದಲ್ಲೇ ಗರಿಕೆಯಿತ್ತು. ಚಿಲಕ ತೆಗೆದಳು.

ಬೆಕ್ಕು ಗರಿಕೆಯತ್ತ ತಿರುಗಿಯೂ ನೋಡದೆ ಕಾಂಪೌಂಡಿನ ಮೇಲೆ ನೆಗೆಯಿತು. ಅಲ್ಲಿ ಪಟ್ಟೆಪಟ್ಟೆಯ ಬೀದಿ ಗಂಡುಬೆಕ್ಕೊಂದು ಕಾದು ಕೂತಿತ್ತು. ಬಾಗಿಲು ತೆಗೆಯಬೇಡ ಎಂದದ್ದು ಯಾಕೆಂದು ಬಿ.ಎ. ಓದಿದ ಸರ್ವಮಂಗಳಾಗೆ ಆಗ ಹೊಳೆಯಿತು.

ಬೆಳಕು ಹರಿಯುವಾಗ ಬೆಕ್ಕು ತಾನಾಗಿಯೇ ಬಂತು. ಮೈಗೆ ಅಂಟಿದ್ದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸಿದಳು.

"ರಾತ್ರಿ ಮಗು ಅತ್ತ ಹಾಗಿತ್ತಲ್ಲ?" ಎಂದ ಶಾಂತವೀರಪ್ಪ.

"ಕನಸು ಬಿದ್ದಿರ್ಬೇಕು."

ಅಂದೇ ಮೈಸೂರಿನಿಂದ ಬಂದ ಮೀನಾಕ್ಷಮ್ಮ ಬೆಕ್ಕನ್ನು ಜಟಕಾದಲ್ಲಿ ಬಸವನಗುಡಿಯ ಚಕ್ರಪಾಣಿಯವರ ಮನೆಗೆ ಒಯ್ದರು. ಅಲ್ಲಿ ಅದೇ ಜಾತಿಯ ಗಂಡಿತ್ತು. ಮಾರನೆಯ ದಿನ ಅದನ್ನು ಮನೆಗೆ ತಂದು, "ಶುದ್ಧ ಸಯಾಮ್ ಮರಿ ಹುಟ್ಟುವಾಗ ಹಾಲಿನ ಹಾಗೆ ಬೆಳ್ಳಗಿರುತ್ತೆ ಕಣೇ. ಮಸಿ ಏರೋದು ಆಮೇಲೆ. ಮೊದಲನೇದು ಚಕ್ರಪಾಣಿಗೆ ಅಂತ ಮಾತು ಕೊಟ್ಟಿದೀನಿ" ಎಂದರು.

ಬೆಕ್ಕಿನ ಹೊಟ್ಟೆ ದಪ್ಪವಾದಂತೆಲ್ಲ ಸರ್ವಮಂಗಳಾಗೆ ಅನ್ನ ಸೇರದಾಯಿತು. "ಬಸುರಿ ಆಗಿರೋದು ಬೆಕ್ಕೋ, ನೀನೋ?" ಎಂದು ಗಂಡ ಛೇಡಿಸಿದ. ಅವಳು ನಗಲಿಲ್ಲ. ಮೀನಾಕ್ಷಮ್ಮನವರ ಚಪ್ಪಲಿ ಸದ್ದು ಹಿತ್ತಿಲ ಕಡೆ ಬಂದರೆ ಸಾಕು, ಮನೆ ಬಿಡಲು ಪಾತ್ರೆ ಕಟ್ಟುವುದನ್ನೇ ಮನಸ್ಸಿನಲ್ಲಿ ಕಾಣುತ್ತಿದ್ದಳು.

ಒಂದು ಬೆಳಿಗ್ಗೆ ಅವರು ಕರೆದರು. "ಸರ್ವಮಂಗಳಾ, ಒಳಗೆ ಬಾ. ಬಾಗಿಲು ಹಾಕ್ಕೊಂಡು ಬಾ."

ಬಿದಿರು ಬುಟ್ಟಿಯಲ್ಲಿ ತಾಯಿಗೆ ಅಂಟಿಕೊಂಡು ಮೂರು ಮರಿ, ಮೂರೂ ಅಚ್ಚ ಬಿಳಿ. ಅವಳ ಜೀವ ಮರಳಿ ಬಂದಂತಾಯಿತು. ಮೀನಾಕ್ಷಮ್ಮ ತಾಯಿಯ ಮುಂಗಾಲನ್ನು ಎತ್ತಿ ಸರಿಸಿದರು. ಕೆಳಗೆ ನಾಲ್ಕನೆಯದೊಂದಿತ್ತು. ಅದರ ಒದ್ದೆ ಮೈಯ ಮೇಲೆ ಪಟ್ಟೆಗಳು.

"ಅಮ್ಮಾ, ನಾನು..." ಎಂದಳು.

"ಶ್! ಮೆಲ್ಲಗೆ." ಎಂದೂ ದನಿ ತಗ್ಗಿಸದವರು ಪಿಸುಗುಟ್ಟುತ್ತಿದ್ದರು. "ಬಸವನಗುಡಿಯಿಂದ ತಂದ ರಾತ್ರಿ ಬಚ್ಚಲ ಕಿಟಕಿ ಹಾಕೋದು ಮರೆತುಬಿಟ್ಟೆ ಕಣೇ. ಎಲ್ಲಾ ನಂದೇ ತಪ್ಪು. ಚಕ್ರಪಾಣಿಗೆ ಗೊತ್ತಾದ್ರೆ ಊರೆಲ್ಲ ಹೇಳ್ಕೊಂಡು ನಗ್ತಾನೆ. ಹಾಲು ಬಿಟ್ಟ ಮೇಲೆ ಇದನ್ನ ನಿಮ್ಮನೇಲಿ ಇಟ್ಕೋತೀಯಾ? ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಬೆಕ್ಕು ನೀಲಿ ಕಣ್ಣುಗಳಿಂದ ಇವಳನ್ನೇ ನೋಡುತ್ತಿತ್ತು.

"ಇಟ್ಕೋತೀನಮ್ಮ. ಯಾರಿಗೂ ಹೇಳಲ್ಲ" ಎಂದಳು ಸರ್ವಮಂಗಳಾ. ಚಿಲಕ ತೆಗೆದದ್ದನ್ನು ಗಂಡನಿಗೂ ಹೇಳಬಾರದು, ಇವರಿಗಂತೂ ಎಂದೆಂದಿಗೂ ಹೇಳಬಾರದು ಎಂದು ನಿಂತಲ್ಲೇ ನಿಶ್ಚಯಿಸಿದಳು. ಮೀನಾಕ್ಷಮ್ಮ ಅವಳ ಕೈ ಹಿಡಿದುಕೊಂಡರು. ಅವರ ಕೈ ತನ್ನದಕ್ಕಿಂತ ತಣ್ಣಗಿತ್ತು.