ಬತ್ತಿ ಕತ್ತರಿಸುವವನ ಕೂಲಿ

ಡೋರ್ಕಸ್ ಗಂಡನ ಹೆಣಕ್ಕೆ ಕೋಟಿನ ಗುಂಡಿ ಹಾಕುತ್ತಿದ್ದಳು. ನಾಟಕ ಕಂಪನಿಯ ಯಜಮಾನ ಗ್ಯಾರಡ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಕೋಟು ಬಿಚ್ಚಮ್ಮ, ಅದು ಕಂಪನೀದು. ನಾಳೆ ರಾಜನ ವೇಷಕ್ಕೆ ಬೇಕು."

"ಹೊಲಿದೋಳು ನಾನು."

"ಬಟ್ಟೆ ನಂದು."

ಅವಳು ಬಿಚ್ಚಿದಳು. ಜಗಳವಾಡಲು ಅದಕ್ಕಿಂತ ದೊಡ್ಡ ವಿಷಯವಿತ್ತು. ಬೆಕಲ್ಸ್ ಊರಿನ ಗೋಡೆಗೋಡೆಗೂ ಚೀಟಿ ಅಂಟಿಸಿತ್ತು: ಈ ಸಂಜೆ ಜೆತ್ರೊ ಪಿನಕ್‌ನ ಸಹಾಯಾರ್ಥ ಆಟ. ಹಂಗಾಮಿಗೊಮ್ಮೆ ಪ್ರತಿ ನಟನಿಗೂ ಅಂಥದೊಂದು ಸಂಜೆ. ಖರ್ಚು ಕಳೆದು ಉಳಿದದ್ದೆಲ್ಲ ಅವನದೇ. ಅವಳ ಗಂಡ ಜೆತ್ರೊ ಜ್ವರದ ಮೈಯಲ್ಲೇ ಮನೆಮನೆ ಬಾಗಿಲು ತಟ್ಟಿ ಟಿಕೆಟ್ ಮಾರಿ ಬಂದು, ಮಲಗಿದವನು ಏಳಲಿಲ್ಲ. ಹೊಲಿಗೆಯವಳಿಗೆ ಕಂಪನಿಯ ಗಳಿಕೆಯಲ್ಲಿ ಪಾಲಿಲ್ಲ. ಈ ಸಂಜೆಯ ದುಡ್ಡು ತಪ್ಪಿದರೆ ಡೋರ್ಕಸ್‌ಗೆ ಉಳಿಯುವುದು ದುಡಿಸಿ ಗಂಜಿ ಹಾಕುವ ಬಡವರ ಮನೆ.

ಸ್ಮಶಾನದಲ್ಲಿ ಪಾದ್ರಿ ಬೆನ್ನು ತಿರುಗಿಸಿದ್ದೇ ತಡ, ಗ್ಯಾರಡ್ ಟೋಪಿ ಹಾಕಿಕೊಂಡ.

"ಆಟ ನಡೀತದೆ. ದುಡ್ಡು ಕಂಪನಿಗೆ. ಸತ್ತೋನಿಗೆ ಎಂಥ ಸಹಾಯಾರ್ಥ?"

"ಟಿಕೆಟ್ ಮಾರೋವಾಗ ಬದುಕಿದ್ರು."

ಹಾಸ್ಯ ಪಾರ್ಟು ಮಾಡುವ ಟ್ಯೂಕ್ ಕೆಮ್ಮಿದ. "ಯಜಮಾನ್ರೇ, ಯಾಕೋ ನನ್ನ ಗಂಟಲು ಕಟ್ಕೊಂಡ್‌ಬಿಡ್ತು. ಸಂಜೆ ಮಾತು ಹೊರಡೋದು ಅನುಮಾನ."

"ನಂದೂ ಕಣಯ್ಯ," ಎಂದಳು ರಾಣಿ ಪಾರ್ಟು ಮಾಡುವ ಮುದುಕಿ. "ಮಣ್ಣಿನ ಥಂಡಿ."

ಒಬ್ಬೊಬ್ಬರಾಗಿ ಎಲ್ಲರೂ ಕೆಮ್ಮಿದರು.

"ಉಂಡ ಮನೆಗೆ ಎರಡು ಬಗೆಯೋ ನನ್ಮಕ್ಳಾ! ಸತ್ತೋನ ಪಾರ್ಟು ಯಾವನು ಮಾಡ್ತಾನೆ?"

"ನಾನು," ಎಂದಳು ಡೋರ್ಕಸ್. "ದಿನಾ ಮಾತು ಒಪ್ಪಿಸಿಕೊಂಡೋಳು ನಾನೇ. ಎಲ್ಲಿ ಕೆಮ್ಮಬೇಕು ಅನ್ನೋದೂ ಗೊತ್ತು."

ಗ್ಯಾರಡ್ ಸುತ್ತಲೂ ನೋಡಿದ. ಆಟ ನಿಂತರೆ ಟಿಕೆಟ್ ಕೊಂಡವರು ಬೆನ್ನು ಮುರಿಯುತ್ತಾರೆ.

"ಆಯ್ತು ತಾಯಿ, ದುಡ್ಡು ನಿಂಗೇ. ಆದ್ರೆ ಮೊದಲು ಖರ್ಚು ಮುರಕೊಳ್ತೀನಿ. ಆಟ ಆಡೋ ಕೊಟ್ಟಿಗೆ ಬಾಡಿಗೆ, ಪಿಟೀಲಿನೋರು, ಚೀಟಿ ಅಚ್ಚು, ಮೇಣದಬತ್ತಿ, ಬತ್ತಿ ಕತ್ತರಿಸೋನ ಕೂಲಿ..."

"ಯಾರ ಕೂಲಿ?"

*

ವರ್ಷಗಳ ಹಿಂದೆ, ಹಿಮ ಸುರಿದ ಒಂದು ಸಂಜೆ ಆಟಕ್ಕೆ ಬಂದವರು ಬೆರಳೆಣಿಕೆಯ ಮಂದಿ. ಗ್ಯಾರಡ್ ತನ್ನ ಹೆಚ್ಚಿನ ಪಾಲು ಎತ್ತಿಕೊಂಡ ಮೇಲೆ ನಟರಿಗೆ ಸಿಕ್ಕಿದ್ದು ಉರಿದುಳಿದ ಮೇಣದಬತ್ತಿಯ ತುಂಡುಗಳು. ಅದೂ ಪಾಲೇ. ಜೆತ್ರೊ ತನ್ನವನ್ನೆಲ್ಲ ಹಚ್ಚಿಟ್ಟು, ಒಣರೊಟ್ಟಿ ಮುರಿದ.

"ನೋಡೇ, ಜಮೀನ್ದಾರನ ಊಟದ ಮನೆ ಇದ್ದ ಹಾಗಿದೆ."

ಅವಳು ಅವನ ಬೆರಳ ಬೊಕ್ಕೆಗಳಿಗೆ ಬೆಣ್ಣೆ ಹಚ್ಚುತ್ತಿದ್ದಳು. ದಿನವೂ ತನ್ನ ಪಾರ್ಟು ಮುಗಿಸಿದ ಮೇಲೆ ಅವನೇ ಕತ್ತರಿ ಹಿಡಿದು ವೇದಿಕೆಯಂಚಿನ ಮೇಣದಬತ್ತಿಗಳ ಬಳಿ ತೆವಳಿ, ಹೊಗೆಯಾಡದಂತೆ ಕರಕಾದ ಬತ್ತಿ ಕತ್ತರಿಸಬೇಕಿತ್ತು. "ಈ ಕೆಲಸಕ್ಕೆ ಬೇರೆ ಕೂಲಿ ಕೇಳಬಾರ್ದಾ?" ಎಂದಳು.

"ಕೇಳಿದ್ರೆ ಯಜಮಾನ್ರು ಬೇರೆಯವನ್ನ ಹುಡುಕ್ತಾರೆ. ಪಾರ್ಟೂ ಹೋಗತ್ತೆ. ಸುಮ್ನಿರು."

ಅವಳು ಸುಮ್ಮನಿದ್ದಳು. ಎಷ್ಟು ವರ್ಷ!

*

"ಬತ್ತಿ ಕತ್ತರಿಸೋನು ಇಗೋ ಈ ಗುಂಡೀಲಿ ಮಲಗಿದಾನೆ," ಎಂದಳು ಡೋರ್ಕಸ್. "ಅವನಿಗೊಂದು ಪೆನ್ನಿ ಕಾಸಾದ್ರೂ ಕೊಟ್ಟಿದೀರಾ?"

"ಥೂ ಇವನ!" ಟ್ಯೂಕ್ ಕೆಮ್ಮು ಮರೆತ. "ನನ್ನ ಸಹಾಯಾರ್ಥ ಆಟದಲ್ಲೂ ಆ ಕೂಲಿ ಮುರಕೊಂಡ್ರಲ್ರೀ!"

"ನನ್ನದರಲ್ಲೂ," ಎಂದಳು ಮುದುಕಿ.

ಗ್ಯಾರಡ್‌ನ ಮುಖ ಕಪ್ಪಿಟ್ಟಿತು. "ಸರಿ ಸರಿ, ಅದನ್ನ ಬಿಟ್ಟೆ."

"ಬಿಡಬೇಡಿ," ಎಂದಳು ಅವಳು. "ಮುರಕೊಳ್ಳಿ. ಕೂಲಿ ಕೊಡ್ತೀನಿ, ಆಳು ತನ್ನಿ."

ಸಂಜೆ ಕೊಟ್ಟಿಗೆ ಕಿಕ್ಕಿರಿದಿತ್ತು. ಸತ್ತವನ ಪಾರ್ಟನ್ನು ಹೆಂಡತಿ ಮಾಡುತ್ತಾಳಂತೆ ಎಂದು ಟಿಕೆಟ್ ಇಲ್ಲದವರೂ ಕಾಸು ಕೊಟ್ಟು ನುಗ್ಗಿದ್ದರು. ಡೋರ್ಕಸ್ ಬಿಳಿ ಕೂದಲ ಟೋಪನ್ ಹಾಕಿ, ಜಿಪುಣ ಅಪ್ಪನಾಗಿ ಕೋಲೂರಿ ಬಂದಳು. ಮಾತು ತಪ್ಪಲಿಲ್ಲ. ಮಗಳ ಮದುವೆ ಮಾತಿನ ನಡುವೆ ವೇದಿಕೆಯಂಚಿನ ಬತ್ತಿಯೊಂದು ಹೊಗೆಯಾಡಿ ನಾತ ಹೊಡೆಯಿತು.

"ಬತ್ತಿ! ಬತ್ತಿ ಕತ್ತರಿಸ್ರೋ!" ಜನ ಬೆಂಚು ಗುದ್ದಿದರು.

ಅವಳು ಮಾತು ನಿಲ್ಲಿಸಿ ನಿಂತಳು. ಕೂಲಿ ಮುರಿದುಕೊಂಡ ಯಜಮಾನ ಆಳು ತಂದಿರಲಿಲ್ಲ; ನಟರು ಯಾರೂ ಕದಲಲಿಲ್ಲ. ಕಡೆಗೆ ಪರದೆಯ ಪಕ್ಕದಿಂದ ರೇಷ್ಮೆ ಕಾಲುಚೀಲದ ಗ್ಯಾರಡ್ ಕತ್ತರಿ ಹಿಡಿದು ಬಂದ. ಜನ ಕೇಕೆ ಹಾಕಿದರು. ಮಂಡಿಯೂರಿದ, ಕತ್ತರಿಸಿದ, ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡ. ಏಳಲು ಹೋದ.

ಡೋರ್ಕಸ್ ಕೋಲೆತ್ತಿ ಎಡಗಡೆ ತೋರಿಸಿದಳು. ಅಲ್ಲಿ ಇನ್ನೊಂದು ಬತ್ತಿ ಹೊಗೆಯಾಡುತ್ತಿತ್ತು.