ಗಂಟಲಲ್ಲಿ ನಿಂತ ಗುಂಡು

ನಾನು ಒಂದು ಕೋವಿ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ಉಕ್ಕಿನ ಸರಳನ್ನು ಕೊರೆದು, ಒಳಗೆ ಸುರುಳಿಯಾಗಿ ಗೀರು ಹಾಕಿ, ಗಟ್ಟಿ ಮರದ ಹಿಡಿ ಕೂರಿಸಿ ನನ್ನನ್ನು ಮಾಡಿದರು. ನನ್ನ ಹೊಟ್ಟೆಯ ಕೆಳಗೆ ಒಂದು ಲಿವರ್ ಇದೆ. ಅದನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಸುಟ್ಟ ಕಾಡತೂಸಿನ ಖಾಲಿ ಚಿಪ್ಪು ಹೊರಗೆ ಹಾರುತ್ತದೆ, ಹೊಸದು ಒಳಗೆ ಬಂದು ಕೂರುತ್ತದೆ, ಕುದುರೆ ಎಂದು ಕರೆಯುವ ಪುಟ್ಟ ಸುತ್ತಿಗೆ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ. ಪ್ರಾಯದಲ್ಲಿ ಈ ಚುರುಕಿನ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಆಮೇಲೆ ಅದಕ್ಕೇ ಹೆದರುವಂತಾಯಿತು.

ನನ್ನ ಮೊದಲ ಯಜಮಾನ ಕೊಡಗಿನಲ್ಲಿ ಕಾಫಿ ಬೆಳೆಯುತ್ತಿದ್ದ ಒಬ್ಬ ಬಿಳಿ ದೊರೆ. ಪೆಟ್ಟಿಗೆಗಟ್ಟಲೆ ಕಾಡತೂಸು ಹಡಗಿನಲ್ಲಿ ತರಿಸುತ್ತಿದ್ದ. ಹಂದಿಗೆ ಇಟ್ಟ ಗುರಿ ಮರಕ್ಕೆ ತಾಗಿದರೂ ಹೋ ಎಂದು ನಗುತ್ತಿದ್ದ. ಅವನ ಮೇಲೆ ನನಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ದೇಶ ಬಿಟ್ಟು ಹೊರಟಾಗ ತನ್ನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪನನ್ನು ಕರೆದು, ನನ್ನನ್ನು ಅವನ ಕೈಗೆ ಕೊಟ್ಟು, ಬೆನ್ನು ತಟ್ಟಿ ಹೋದ.

ಬೆಳ್ಯಪ್ಪ ನನ್ನನ್ನು ಮಗುವಿನಂತೆ ಎರಡೂ ತೋಳಿನಲ್ಲಿ ಎತ್ತಿಕೊಂಡು ಗದ್ದೆಯ ಏರಿಯ ಮೇಲೆ ಮನೆಗೆ ನಡೆದ. ಕೊಡವರ ಮನೆಯಲ್ಲಿ ಕೋವಿ ಬರೀ ಬೇಟೆಗಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಅಲ್ಲಿ ಕೋವಿ ಸುದ್ದಿ ಹೇಳುತ್ತದೆ. ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ, ಸಾವಾದರೆ ಎರಡು. ಗದ್ದೆಯಾಚೆಯ ಮನೆಗಳವರು ಕೈಯ ಕೆಲಸ ನಿಲ್ಲಿಸಿ ಕಿವಿಗೊಡುತ್ತಾರೆ. ಒಂದಕ್ಕೇ ನಿಂತರೆ ನಗುತ್ತ ಹೊರಡುತ್ತಾರೆ, ಎರಡಾದರೆ ಬಿಳಿ ಬಟ್ಟೆ ಹುಡುಕುತ್ತಾರೆ. ಬೆಳ್ಯಪ್ಪನ ಮಗ ಕರುಂಬಯ್ಯ ಹುಟ್ಟಿದ್ದನ್ನು ಊರಿಗೆ ಸಾರಿದ್ದು ನಾನು. ಅವನ ತಾಯಿ ಹೋದದ್ದನ್ನು ಸಾರಿದ್ದೂ ನಾನೇ.

ದೊರೆ ಬಿಟ್ಟುಹೋದ ಕಾಡತೂಸು ಮುಗಿಯಿತು. ಮೈಸೂರಿನ ಅಂಗಡಿಯವನು, ಈ ಅಳತೆಯದು ಈಗ ಬರುವುದೇ ಇಲ್ಲ ಎಂದು ಕೈ ಅಲ್ಲಾಡಿಸಿಬಿಟ್ಟ. ಬೇರೆಯವರಾಗಿದ್ದರೆ ನನ್ನನ್ನು ಮೂಲೆಗೆ ಒರಗಿಸುತ್ತಿದ್ದರು. ಬೆಳ್ಯಪ್ಪ ಹಟದ ಮನುಷ್ಯ. ಸುಟ್ಟ ಚಿಪ್ಪುಗಳನ್ನೆಲ್ಲ ಆಯ್ದು ತೊಳೆದು ಹೊಳಪು ಮಾಡಿದ, ಕಮ್ಮಾರನಿಂದ ಇಕ್ಕಳದಂಥ ಒಂದು ಅಚ್ಚು ಮಾಡಿಸಿದ, ಮನೆಯಲ್ಲೇ ಗುಂಡು ಎರೆಯಲು ಕೂತ.

ಗುಂಡು ಎರೆಯುವುದು ಮಳೆ ಪೂರ್ತಿ ಬಿಟ್ಟ ಮೇಲಿನ ಕೆಲಸ. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿದು ಮುಖಕ್ಕೆ ಹಾರುತ್ತದೆ. ಅಂಗಳದ ಬಿಸಿಲಿನಲ್ಲಿ ಮೂರು ಕಲ್ಲಿಟ್ಟು ಸೌದೆ ಉರಿಸಿ, ಕಬ್ಬಿಣದ ಬಾಣಲೆಯಲ್ಲಿ ಹಳೆಯ ಪೈಪಿನ ಚೂರು, ಮೀನು ಬಲೆಯ ಸೀಸದ ಮಣಿ ಹಾಕಿ ಕರಗಿಸುತ್ತಿದ್ದರು. ಮೇಲೆ ತೇಲಿದ ಕಿಟ್ಟವನ್ನು ತೆಗೆಯುವುದು ಮಗಳು ಬೊಳ್ಳವ್ವನ ಕೆಲಸ. ಕರುಂಬಯ್ಯನಿಗಿಂತ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಪ್ಪ ಸೌಟಿನಿಂದ ಅಚ್ಚಿಗೆ ಹೊಯ್ದು, ತಟ್ಟಿ, ಗೋಣಿಯ ಮೇಲೆ ಬೀಳಿಸಿದ ಗುಂಡನ್ನು ಅವಳು ಆರಿದ ಮೇಲೆ ಎತ್ತಿ ನೋಡುವಳು. ಸುಕ್ಕು ಇದ್ದರೆ ಮತ್ತೆ ಬಾಣಲೆಗೆ. ಮೂತಿ ಚಪ್ಪಟೆಯಾಗಿಲ್ಲದಿದ್ದರೂ ಬಾಣಲೆಗೆ. ಏಕೆಂದರೆ ನನ್ನ ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ಒಂದರ ಹಿಂದೊಂದು ಸಾಲಾಗಿ ಮಲಗುತ್ತವೆ. ಹಿಂದಿನದರ ಮೂತಿ ಚೂಪಾಗಿದ್ದರೆ ಅದು ಮುಂದಿನದರ ಬುಡಕ್ಕೆ ಚುಚ್ಚಿ, ಅಲ್ಲೇ ಸಿಡಿಯಬಹುದು. ಒಪ್ಪಿಗೆಯಾದ ಗುಂಡಿಗೆ ಜೇನುಮೇಣ ಮತ್ತು ಹಂದಿ ಕೊಬ್ಬು ಸವರಿ, ಚಿಪ್ಪಿನ ಬುಡಕ್ಕೆ ಕಿಡಿ ಹಾರಿಸುವ ಹೊಸ ಕೇಪು ಕೂರಿಸಿ, ಒಳಗೆ ಬಿದಿರಿನ ಅಳತೆಯಲ್ಲಿ ಮದ್ದು ಸುರಿದು, ಮೇಲೆ ಗುಂಡು ಒತ್ತಿ ಕೂರಿಸಿದರೆ ಆಯಿತು.

ಎಷ್ಟೋ ವರ್ಷ ಹೀಗೇ ನಡೆಯಿತು. ಆ ಗುಂಡುಗಳು ದೊರೆಯ ಗುಂಡುಗಳಿಗಿಂತ ಮೆತ್ತಗೆ ನನ್ನ ಗಂಟಲು ದಾಟುತ್ತಿದ್ದವು. ಹಬ್ಬದ ಪಂದ್ಯದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಬೆಳ್ಯಪ್ಪ ನನ್ನಿಂದ ಹೊಡೆದು ಎಷ್ಟು ಬಹುಮಾನ ಗೆದ್ದನೋ ಅವನಿಗೇ ನೆನಪಿರಲಿಲ್ಲ. ಅವು ನನ್ನ ಸುಖದ ದಿನಗಳು.

ಕಡೆಯ ವರ್ಷ ಬೆಳ್ಯಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಬೆರಳು ನಡುಗುತ್ತಿತ್ತು. ಆದರೂ ಬಿಸಿಲು ಬಿದ್ದ ದಿನ ಬಾಣಲೆ ಇಳಿಸಿಕೊಂಡು ಕೂತ. ನನ್ನನ್ನು ಎಣ್ಣೆ ಹಚ್ಚಿ ಜಗಲಿಯ ಕಂಬಕ್ಕೆ ಒರಗಿಸಿದ್ದರಿಂದ ನಾನು ಎಲ್ಲವನ್ನೂ ಕಂಡೆ. ಒಂದು ಚಿಪ್ಪಿಗೆ ಮದ್ದು ಸುರಿದ. ಮುಂದಿನದಕ್ಕೆ ಸುರಿಯುವ ಮುಂಚೆ ಕೆಮ್ಮಿದ, ಬೆವರು ಒರೆಸಿಕೊಂಡ, ಆ ಚಿಪ್ಪನ್ನು ಹಾಗೇ ಮುಚ್ಚಿ ಪಕ್ಕಕ್ಕಿಟ್ಟ. ಹಿಂದೆ ನಿಂತಿದ್ದ ಬೊಳ್ಳವ್ವನೂ ಅದನ್ನು ಕಂಡಳು.

"ಅಪ್ಪ, ಅದಕ್ಕೆ ಮದ್ದು ಬಿತ್ತಾ?"

"ಬೀಳದೆ ಮತ್ತೆ? ನನ್ನ ಕೈಗೆ ಗೊತ್ತುಂಟು ಕುಂಞಿ. ನೀನು ಹಿಂದೆ ನಿಂತು ಕಾವಲು ಕಾಯ್ಬೇಡ." ಎಷ್ಟು ದೊಡ್ಡವಳಾದರೂ ಅವಳು ಅವನಿಗೆ ಕುಂಞಿ, ಅಂದರೆ ಮಗು.

ಜೀಪು ತೊಳೆಯುತ್ತಿದ್ದ ಕರುಂಬಯ್ಯ ಅಲ್ಲಿಂದಲೇ ಕೂಗಿದ. "ಬಿಡಕ್ಕ, ಅಪ್ಪ ಈಗ ಎರೆಯೋದು ಗುಂಡಲ್ಲ, ಮಕ್ಕಳು ಆಡುವ ಗೋಲಿ!" ಅವನದು ಕೆಟ್ಟ ಮನಸ್ಸಲ್ಲ, ಬಾಯಿ ಮಾತ್ರ ಸಡಿಲ. ಆದರೆ ಬೆಳ್ಯಪ್ಪ ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹಾಗಾಗಿ ಬೊಳ್ಳವ್ವ ಮತ್ತೆ ಬಾಯಿ ತೆರೆಯಲಿಲ್ಲ. ಆ ಕಾಡತೂಸುಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿದಳು. ಕೆಲವು ಹಗುರವಾಗಿದ್ದವು. ಒಂದು ತಗಡಿನ ಡಬ್ಬಿಗೆ ಎಲ್ಲವನ್ನೂ ತುಂಬಿ, ಅಪ್ಪನ ಕಣ್ಣು ತಪ್ಪಿಸಿ ಬಿಚ್ಚಿ ಸರಿಮಾಡಿದರಾಯಿತು ಎಂದು ಅಕ್ಕಿ ತುಂಬಿಡುವ ಮರದ ಪತ್ತಾಯದ ಹಿಂದೆ ಇಟ್ಟಳು. ಬಿಚ್ಚಲಿಲ್ಲ. ಅಪ್ಪ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ. ಅವನು ಕೊನೆಯ ಬಾರಿ ಕೈಯಾರೆ ಮಾಡಿದ್ದನ್ನು ಹಾಳುಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ನಡುಮನೆಯ ಗೂಟಕ್ಕೆ ನೇತಾಡುತ್ತ ನಾನು ದಿನವೂ ಆ ಪತ್ತಾಯದ ಕಡೆಗೇ ನೋಡುತ್ತಿದ್ದೆ. ಆ ಡಬ್ಬಿಯಲ್ಲಿರುವುದು ಒಂದಲ್ಲ ಒಂದು ದಿನ ನನ್ನೊಳಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಕೊನೆಗಾಲದಲ್ಲಿ ಬೆಳ್ಯಪ್ಪ ಮಕ್ಕಳಿಬ್ಬರನ್ನೂ ಹತ್ತಿರ ಕರೆದ. "ನಾನು ಹೋದರೆ ನಾನು ಎರೆದದ್ದೇ ಹೊಡೀಬೇಕು. ಬೇರೆಯವರ ಕೋವಿ ಬೇಡ." ಬೊಳ್ಳವ್ವ ಆಗಲಿ ಎಂದಳು. ಹಿಂದಿನ ವರ್ಷದ ಒಳ್ಳೆಯ ಕಾಡತೂಸು ಎರಡು ಉಳಿದಿದ್ದವು. ಅವನ್ನು ಒರೆಸಿ ನನ್ನ ಪಕ್ಕದ ಗೂಡಿನಲ್ಲಿ ಇಟ್ಟು, ಹೊಡೆಯುವುದು ಇವನ್ನೇ ಎಂದು ತಮ್ಮನಿಗೂ ಹೇಳಿದಳು, ಡಬ್ಬಿಯವು ಹಗುರ ಎಂದು ಮಾತ್ರ ಹೇಳಲಿಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು.

ಬೆಳ್ಯಪ್ಪ ಒಂದು ಬೆಳಗ್ಗೆ ಕಾಫಿ ಕೇಳಿ, ಅದು ಬರುವ ಮುಂಚೆ ಹೋಗಿಬಿಟ್ಟ.

ಹೆಂಗಸರು ಒಳಗೆ ಹೆಣ ಮೀಯಿಸಲು ನೀರು ಕಾಯಿಸಿದರು. ಕರುಂಬಯ್ಯನ ಹೆಂಡತಿ ಮುತ್ತವ್ವ ದಿನ ತುಂಬಿದ ಬಸುರಿ. ಗೋಡೆಗೆ ಒರಗಿ ಅಳುತ್ತಿದ್ದಳು. ಕರುಂಬಯ್ಯ ನನ್ನನ್ನು ಗೂಟದಿಂದ ಇಳಿಸಿದ. ಗೂಡಿನ ಎರಡು ಕಾಡತೂಸುಗಳನ್ನು ಕೈಗೆ ತೆಗೆದುಕೊಂಡ, ನೋಡಿದ, ಮತ್ತೆ ಅಲ್ಲೇ ಇಟ್ಟ. ಅಪ್ಪನ ಗುಂಡನ್ನು ಗೋಲಿ ಎಂದು ಆಡಿಕೊಂಡದ್ದು ಅವನ ಎದೆಯಲ್ಲಿ ಕುದಿಯುತ್ತಿತ್ತು. ಅಕ್ಕ ಅಲ್ಲಿಟ್ಟದ್ದು ಅವನಿಗೂ ಗೊತ್ತಿತ್ತು, ಪತ್ತಾಯದ ಹಿಂದೆ ಕೈ ಹಾಕಿ ಡಬ್ಬಿ ತೆಗೆದ. "ಅಪ್ಪ ಕಡೆಗೆ ಎರೆದದ್ದು ಇದು. ಇದನ್ನೇ ಹೊಡೀತೇನೆ" ಎಂದು ತನಗೆ ತಾನೇ ಹೇಳಿಕೊಂಡ. ಹೆಚ್ಚಿಗೆ ಒಂದಿರಲಿ ಎಂದು ಮೂರನ್ನು ನನ್ನ ಪಕ್ಕದ ಬಾಗಿಲಿನಿಂದ ಒಳಗೆ ತಳ್ಳಿದ. ಮೊದಲನೆಯದು ಭಾರವಿತ್ತು. ನಡುವಿನದು ಹಗುರ. ಮೂರನೆಯದು ಮತ್ತೆ ಭಾರ. ನನಗೆ ಬಾಯಿದೆ, ಆದರೆ ಅದರಿಂದ ಬೇಡ ಎಂದು ಹೇಳಲು ಬರುವುದಿಲ್ಲ.

ಅಂಗಳಕ್ಕೆ ಬಂದು ಅವನು ನನ್ನನ್ನು ಆಕಾಶಕ್ಕೆ ಎತ್ತಿದ. ಮೊದಲ ಗುಂಡು ಸರಿಯಾಗಿಯೇ ಹೋಯಿತು. ಸದ್ದು ಗದ್ದೆ ದಾಟಿ ಎದುರು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಲಿವರ್ ಎಳೆದ, ಮತ್ತೆ ಟ್ರಿಗರ್ ಒತ್ತಿದ. ಪುಸ್ ಎಂದಿತು, ಅಷ್ಟೆ. ಮದ್ದಿಲ್ಲದ ಚಿಪ್ಪು, ಬುಡದ ಕಿಡಿಯೊಂದೇ ಗುಂಡನ್ನು ತಳ್ಳಿತು. ಅದು ನನ್ನ ಗಂಟಲಲ್ಲಿ ಒಂದು ಗೇಣು ಮುಂದೆ ಹೋಗಿ ಗೀರುಗಳಿಗೆ ಕಚ್ಚಿಕೊಂಡು ನಿಂತಿತು.

ಕರುಂಬಯ್ಯನ ಮುಖ ಬಿಳಚಿಕೊಂಡಿತು. ಊರಿಗೆ ಕೇಳಿಸಿದ್ದು ಒಂದೇ! ಸಾವಿನ ಮನೆಯಿಂದ ಹುಟ್ಟಿನ ಸುದ್ದಿ ಹೋಗಿದೆ. ಬೇರೆ ಯಾವ ಊರಿನವನಾದರೂ ಇಲ್ಲಿ ಕೋವಿ ಕೆಳಗಿಟ್ಟು ಏನಾಯಿತೆಂದು ನೋಡುತ್ತಿದ್ದ. ಇವನಿಗೆ ಎರಡನೆಯ ಸದ್ದು ಬೇಕಿತ್ತು, ಈಗಲೇ ಬೇಕಿತ್ತು. ಲಿವರ್ ಎಳೆದ. ನನ್ನ ಹಾಳು ಚುರುಕು! ಖಾಲಿ ಚಿಪ್ಪು ಹಾರಿತು, ಮದ್ದು ತುಂಬಿದ ಮೂರನೆಯದು ಒಳಗೆ ಕೂತಿತು, ಕುದುರೆ ಹಿಂದಕ್ಕೆ ಬಾಗಿತು. ಮುಂದೆ ದಾರಿ ಮುಚ್ಚಿದೆ. ಈಗ ಹೊಡೆದರೆ ನಾನು ಅವನ ಕೆನ್ನೆಯ ಪಕ್ಕದಲ್ಲೇ ಒಡೆದು ಚೂರಾಗುತ್ತೇನೆ.

ಒಳಗೆ ಅಪ್ಪನ ಕಾಲಿಗೆ ನೀರು ಹೊಯ್ಯುತ್ತಿದ್ದ ಬೊಳ್ಳವ್ವ ಆ ಪುಸ್ ಸದ್ದು ಕೇಳಿದಳು. ಚೆಂಬು ಬಿಸಾಡಿ ಒದ್ದೆ ಸೀರೆಯಲ್ಲೇ ಓಡಿಬಂದಳು.

"ಕರುಂಬಾ, ಹೊಡೀಬೇಡ!"

"ಬಿಡಕ್ಕ! ಒಂದೇ ಕೇಳಿದ್ದು ಜನಕ್ಕೆ! ಎಂತ ಅಂದುಕೊಳ್ತಾರೆ!"

ಅವನ ಬೆರಳು ಟ್ರಿಗರ್ ಒತ್ತತೊಡಗಿತ್ತು. ಅವಳು ನನ್ನನ್ನು ಕಿತ್ತುಕೊಳ್ಳಲು ನೋಡಲಿಲ್ಲ, ಅಷ್ಟು ಹೊತ್ತಿರಲಿಲ್ಲ. ತನ್ನ ಹೆಬ್ಬೆರಳನ್ನು ಕುದುರೆಯ ಮುಂದಕ್ಕೆ ತೂರಿಸಿದಳು. ಕುದುರೆ ಅದರ ಮೇಲೆ ಬಿತ್ತು. ಉಗುರು ಒಡೆದು ರಕ್ತ ನನ್ನ ಮೈಮೇಲೆ ಇಳಿಯಿತು. ಸದ್ದು ಆಗಲಿಲ್ಲ.

ಕರುಂಬಯ್ಯ ರೇಗಿದ, ಬೈದ. ಅವಳು ಹಲ್ಲು ಕಚ್ಚಿ ಕುದುರೆಯನ್ನು ಮೆಲ್ಲಗೆ ಇಳಿಸಿ, ಕಾಡತೂಸು ತೆಗೆದು, ಒರೆಸುವ ಸರಳನ್ನು ನನ್ನ ಬಾಯಿಂದ ಒಳಗೆ ಬಿಟ್ಟಳು. ಅದು ಅರ್ಧ ದಾರಿ ಇಳಿದು ಸೀಸಕ್ಕೆ ತಾಗಿ ಠಕ್ಕೆಂದು ನಿಂತಿತು. ಆಗ ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಪಕ್ಕದ ಮನೆಯಿಂದ ಕೋವಿ ತರಲು ಆಳನ್ನು ಓಡಿಸಿದರು.

ಕೋವಿ ಬರುವ ಮುಂಚೆ ಚೋಂದಮ್ಮ ಬಂದಳು. ಬೆಳ್ಯಪ್ಪನ ಒಬ್ಬಳೇ ಅಕ್ಕ, ಗದ್ದೆಯಾಚೆಯ ಮನೆಗೆ ಕೊಟ್ಟವಳು. ಮುತ್ತವ್ವನಿಗೆ ದಿನ ತುಂಬಿದ್ದು ಅವಳಿಗೆ ಗೊತ್ತಿತ್ತು. ಮುದುಕಿ ಏರು ಹತ್ತುತ್ತ ಏದುಸಿರು ಬಿಡುತ್ತಿದ್ದಳು, ಮುಖದ ತುಂಬ ನಗು. ಕಂಕುಳಲ್ಲಿ ಮಗುವಿಗೆ ಸುತ್ತಲೆಂದು ಒಗೆದು ಮೆತ್ತಗಾದ ಹಳೆಯ ಸೀರೆ.

"ಏಯ್ ಬೆಳ್ಯಪ್ಪಾ!" ಎಂದು ಅಂಗಳದ ತುದಿಯಿಂದಲೇ ಕೂಗಿದಳು. "ಒಂದೇ ಕೇಳ್ತು! ಗಂಡು ಹುಟ್ಟಿತಲ್ಲ ಮಾರಾಯ! ಮೊಮ್ಮಗ ನಿನ್ನ ಮೂಗನ್ನೇ ತಂದಿದ್ದಾನಾ ಹೇಗೆ? ಇನ್ನಾದರೂ ಹಾಸಿಗೆ ಬಿಟ್ಟು ಹೊರಗೆ ಬಾ!"

ಬೊಳ್ಳವ್ವ ರಕ್ತದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ಬಂದು, "ಅತ್ತೆ" ಎಂದಳು. ಚೋಂದಮ್ಮ ಅವಳನ್ನು ನೋಡಿದಳು, ಮೆಟ್ಟಿಲ ಮೇಲೆ ಕೂತ ಕರುಂಬಯ್ಯನನ್ನು ನೋಡಿದಳು, ತೆರೆದ ಬಾಗಿಲಿನೊಳಗೆ ನೋಡಿದಳು. ನಗು ಅವಳ ಮುಖದಿಂದ ಹೋಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ ಆ ಹಳೆಯ ಸೀರೆಯನ್ನು ತಮ್ಮನ ಕಾಲಿನ ಮೇಲೆ ಹೊದಿಸಿ, ಅಲ್ಲೇ ನೆಲಕ್ಕೆ ಕೂತಳು. ಹುಟ್ಟಿದಂದಿನಿಂದ ನಾನು ಹೇಳಿದ ಸುಳ್ಳು ಅದೊಂದೇ. ಅದು ಹೋಗಿ ಬಿದ್ದದ್ದು ಆ ಮುದುಕಿಯ ಮೇಲೆ. ನನಗೆ ನಾಚಿಕೆಯಾಯಿತು.

ಗಂಟಲಿನ ಗುಂಡನ್ನು ಹೊಡೆದು ಹೊರತೆಗೆಯಬಹುದಿತ್ತು. ಬೊಳ್ಳವ್ವ ಯಾರನ್ನೂ ಮುಟ್ಟಗೊಡಲಿಲ್ಲ. ಅಪ್ಪನದು, ಇರಲಿ ಎಂದಳು. ಉಳಿದ ಕಾಡತೂಸುಗಳನ್ನು ಹೊಳೆಯ ಮಡುವಿಗೆ ಹಾಕಿದಳು. ಮುತ್ತವ್ವನಿಗೆ ಹುಟ್ಟಿದ್ದು ಹೆಣ್ಣು. ಹೆಣ್ಣಿಗೆ ಕೋವಿಯಿಲ್ಲ, ಕಂಚಿನ ತಟ್ಟೆ ಬಡಿಯುತ್ತಾರೆ. ಬೊಳ್ಳವ್ವ ಕೈ ಸೋಲುವವರೆಗೆ ಬಡಿದಳಂತೆ.

ಅಂದಿನಿಂದ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ಮರದ ಹಿಡಿಗೆ ಹುಳ ಬಿದ್ದಿದೆ. ಲಿವರ್ ತುಕ್ಕು ಹಿಡಿದು ಅಲುಗುವುದಿಲ್ಲ, ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ವರುಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿಸಿ ಗಂಧ ಹಚ್ಚುತ್ತಿದ್ದವಳು ಬೊಳ್ಳವ್ವ. ಅವಳ ಹೆಬ್ಬೆರಳಿಗೆ ಉಗುರು ಮತ್ತೆ ನೆಟ್ಟಗೆ ಬರಲಿಲ್ಲ. ಈ ಸಲ ಅವಳು ಹಾಸಿಗೆ ಹಿಡಿದಿದ್ದಳಂತೆ, ಗಂಧ ಹಚ್ಚಲು ಬೇರೆ ಯಾರೋ ಬಂದರು.

ಅದಾಗಿ ಕೆಲವು ದಿನಕ್ಕೆ ಕೆಳಗೆ ಅಂಗಳದಲ್ಲಿ ಹೊಸ ಕೋವಿಯೊಂದು ಗುಡುಗಿತು. ಒಂದೇ. ಸದ್ದು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಮನೆಯಲ್ಲಿ ಯಾರೋ ಹೆತ್ತಿರಬೇಕು, ಗಂಡಿರಬೇಕು ಎಂದು ಆ ಏರು ಹತ್ತಿಬಂದ ಮುದುಕಿಯಷ್ಟೇ ಸಂತೋಷದಿಂದ ನಾನೂ ಅಂದುಕೊಂಡೆ. ಆಮೇಲೆ ಎರಡನೆಯದು ಕೇಳಿತು.