ಸಂಕಷ್ಟಿಯ ದಿನದ ರಾಜ್ಮಾ ಸೂಪು

ನನ್ನ ಗಂಡ ರಾಜಗೋಪಾಲ ಸುಳ್ಳು ಹೇಳುವವರಲ್ಲ. ಹೇಳಲು ಬರುವುದಿಲ್ಲ ಎಂದರೆ ಇನ್ನೂ ಸರಿ. ಅಂಥವರು ಒಂದು ಮಂಗಳವಾರ ಸಂಜೆ ಆಫೀಸಿನಿಂದ ಬಂದು, ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅನು, ಪೋರ್ಚುಗೀಸರ ಬೀನ್ಸ್ ಸೂಪು ಅಂತ ಒಂದಿದೆಯಂತೆ. ನಿನಗೆ ಮಾಡಕ್ಕೆ ಬರತ್ತಾ?” ಎಂದರು.

“ಬರಲ್ಲ,” ಎಂದೆ.

“ಬರತ್ತೆ ಅಂತ ಹೇಳಿಬಿಟ್ಟಿದ್ದೀನಿ. ಶುಕ್ರವಾರ ಊಟಕ್ಕೆ ಬರ್ತಾರೆ.”

ಬರುವವರು ಅವರ ಮ್ಯಾನೇಜರ್, ಪೋರ್ಚುಗಲ್ಲಿನ ದುವಾರ್ತೆ. ಕಂಪನಿಯವರು ಮಕ್ಕಳ ಸ್ಕೂಲ್ ಫೀಸ್ ಕೊಡುವುದನ್ನು ನಿಲ್ಲಿಸಿದ ಮೇಲೆ ಹೆಂಡತಿ, ಮಗಳನ್ನು ಊರಿಗೆ ಕಳಿಸಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ದೊಡ್ಡ ವಿಲ್ಲಾದಲ್ಲಿ ಒಬ್ಬರೇ ಇದ್ದರು. ಮೀಟಿಂಗ್ ಮುಗಿದ ಮೇಲೆ ಯಾವುದೋ ಮಾತಿಗೆ, ತಾಯಿ ಮಾಡುತ್ತಿದ್ದ ಬೀನ್ಸ್ ಸೂಪು ತಿನ್ನದೆ ವರ್ಷವಾಯಿತು ಎಂದರಂತೆ. ನಮ್ಮವರ ಬಾಯಿಂದ ತಟ್ಟನೆ, “ನನ್ನ ಹೆಂಡತಿ ಅದನ್ನು ಬಹಳ ಚೆನ್ನಾಗಿ ಮಾಡುತ್ತಾಳೆ” ಎಂದು ಬಂದುಬಿಟ್ಟಿತಂತೆ.

ನನಗೆ ಮೈಯೆಲ್ಲ ಉರಿಯಿತು. ಮೈಸೂರಿನ ಅಗ್ರಹಾರದ ಹೆಣ್ಣಿಗೆ ಪೋರ್ಚುಗೀಸರ ಸೂಪು ಎಲ್ಲಿಂದ ಬರಬೇಕು? ಆದರೂ ಬೈಯಲಿಲ್ಲ. ಬೈಯುವಂಥ ಮುಖ ಅವರದಾಗಿರಲಿಲ್ಲ.

ಎರಡು ಸಾವಿರದ ಹದಿನಾರರ ಫೆಬ್ರವರಿ ಅದು. ಈ ಅರಬ್ ದೇಶ ಬದುಕಿದ್ದೇ ಕಚ್ಚಾ ಎಣ್ಣೆಯಿಂದ, ಅದರ ಬೆಲೆ ಪಾತಾಳ ಕಂಡಿತ್ತು. ನಾವಿದ್ದ ಅಲ್ ಅಜೈಬಾದ ಬೀದಿಯಲ್ಲಿ ನಿಂತ ಕಾರುಗಳ ಗಾಜಿನ ಮೇಲೆಲ್ಲ ಮಾರಾಟಕ್ಕಿದೆ ಎಂಬ ಚೀಟಿ. ಲಿಫ್ಟಿನಲ್ಲಿ ದಿನಾ ಯಾರದೋ ಸೋಫಾ, ಯಾರದೋ ತೊಟ್ಟಿಲು ಕೆಳಗಿಳಿಯುತ್ತಿತ್ತು. ಶುಕ್ರವಾರ, ಶನಿವಾರ ರಜೆಯಾದ್ದರಿಂದ ಆಫೀಸುಗಳಲ್ಲಿ ಕೆಲಸದಿಂದ ತೆಗೆಯುವವರನ್ನು ಗುರುವಾರ ಮಧ್ಯಾಹ್ನ ಕರೆದು ಖಲಾಸ್ ಎನ್ನುತ್ತಿದ್ದರು. ಹಾಗಾಗಿ ಗುರುವಾರ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಇವರು ಫ್ರಿಜ್ಜಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಫ್ರಿಜ್ಜಿಗೆ ಓಡಾಡುತ್ತಿದ್ದರು. ಫ್ರಿಜ್ಜಿನ ಬಾಗಿಲು ತೆಗೆದು, ಏನೂ ತೆಗೆದುಕೊಳ್ಳದೆ ಮುಚ್ಚುತ್ತಿದ್ದರು. ಆ ಬಾಗಿಲಿನ ಸದ್ದು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಸೋಹಾರಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೊಂದರಲ್ಲಿ ಇವರಿಗೆ ಕೆಲಸ ಸಿಕ್ಕಿತ್ತು. ಸಂಬಳ ಕಡಿಮೆ, ಊರು ದೂರ, ಹುದ್ದೆಯೂ ಒಂದು ಮೆಟ್ಟಿಲು ಕೆಳಗಿನದು. ಬರುತ್ತೀರೋ ಇಲ್ಲವೋ ಶನಿವಾರದೊಳಗೆ ಹೇಳಿ ಎಂದಿದ್ದರು. ಹೋಗಬೇಕೆಂದರೆ ಈಗಿನ ಕಂಪನಿ ತನ್ನ ಅಡ್ಡಿಯಿಲ್ಲವೆಂದು ಬರೆದುಕೊಡಬೇಕು. ಆ ಕಾಗದವಿಲ್ಲದೆ ಬಿಟ್ಟರೆ ಎರಡು ವರ್ಷ ಈ ದೇಶದ ಕಡೆ ತಲೆ ಹಾಕುವಂತಿಲ್ಲ. ಕೇಳಿದರೆ, ಇವನು ಹೋಗುವವನೇ ಎಂದು ಮೊದಲ ಪಟ್ಟಿಗೇ ಹೆಸರು ಸೇರಿಸಿಬಿಟ್ಟರೆ? ಕೇಳದೆ ಕೂತು, ಮುಂದಿನ ಗುರುವಾರ ಕರೆದರೆ? ಅಷ್ಟರಲ್ಲಿ ಸೋಹಾರಿನ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ.

“ಸೂಪು ಕುಡಿದ ಮೇಲೆ ಅವರನ್ನೇ ಕೇಳ್ತೀನಿ ಅನು. ಮನೆಯಲ್ಲಾದ್ರೆ ಮನಸ್ಸು ಬಿಚ್ಚಿ ಹೇಳ್ತಾರೆ.”

ಅಂದರೆ ನಮ್ಮ ಬದುಕೆಲ್ಲ ನಾನು ಕಂಡೇ ಇಲ್ಲದ ಒಂದು ಸೂಪಿನ ಪಾತ್ರೆಗೆ ಬಂದು ನಿಂತಿತ್ತು.

ಎದುರು ಫ್ಲ್ಯಾಟಿನ ಒಲಿಂಡಾ ಬಂಟ್ವಾಳದವಳು, ಹೋಟೆಲೊಂದರ ಅಡುಗೆಮನೆಯಲ್ಲಿ ಸೂಪರ್‌ವೈಸರ್. ಅವಳ ಬಾಗಿಲು ತಟ್ಟಿದೆ.

“ಅದೆಂತ ದೊಡ್ಡ ಬ್ರಹ್ಮವಿದ್ಯೆಯಾ ಮಾರಾಯ್ತಿ?” ಎಂದಳು. “ಬೀನ್ಸ್ ಅಂದ್ರೆ ರಾಜ್ಮಾ, ರಾತ್ರಿಯೇ ನೆನೆಹಾಕು. ಈರುಳ್ಳಿ, ಬೆಳ್ಳುಳ್ಳಿ ಆಲಿವ್ ಎಣ್ಣೆಯಲ್ಲಿ ಬಾಡಿಸು. ಟೊಮೆಟೊ, ಬಟಾಟೆ, ಕ್ಯಾರೆಟ್, ಕೊನೆಗೆ ಕ್ಯಾಬೇಜ್. ಬೆಂದ ರಾಜ್ಮಾದಲ್ಲಿ ಅರ್ಧ ಜಜ್ಜಿ ಹಾಕಿದ್ರೆ ದಪ್ಪ ಬರ್ತದೆ. ಅದಕ್ಕೆ ಹಂದಿ ಸಾಸೇಜ್ ಬೀಳ್ಬೇಕು, ಅಷ್ಟೆ.”

ನನ್ನ ಮುಖ ನೋಡಿ ನಕ್ಕಳು.

“ಗೊತ್ತುಂಟು, ಗೊತ್ತುಂಟು. ನಿನ್ನ ಅತ್ತೆ ನಾಳೆಯೇ ವಿಮಾನ ಹತ್ತಿಯಾರು. ಇದು ತಗೊ. ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ. ಎರಡು ಚಮಚ ಹಾಕು. ಸಾಸೇಜ್ ಇಲ್ಲದಿದ್ರೂ ಅದರ ಪರಿಮಳ ಬರ್ತದೆ.”

ಸಾಮಾನು, ಉಪಾಯ ಎಲ್ಲ ಸಿಕ್ಕಿತು. ಸಮಾಧಾನದಿಂದ ಕ್ಯಾಲೆಂಡರ್ ನೋಡಿದರೆ ಶುಕ್ರವಾರ ಸಂಕಷ್ಟಿ!

ನಮ್ಮ ಮನೆಯಲ್ಲಿ ಸಂಕಷ್ಟಿ ಎಂದರೆ ಚಂದ್ರ ಕಾಣುವವರೆಗೆ ಮೂವರಿಗೂ ಉಪವಾಸ. ಅತ್ತೆ ಪುಟ್ಟಲಕ್ಷ್ಮಮ್ಮ ವಿಸಿಟ್ ವೀಸಾದಲ್ಲಿ ಬಂದ ಮೇಲಂತೂ ನೀರು ಕುಡಿಯಲೂ ಒಂದು ಸಲ ಯೋಚಿಸಬೇಕು. ಮೊದಲೇ ಅವರು ಬೇರೆ ದಿನಗಳಲ್ಲೂ ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸುವವರಲ್ಲ, ನನಗೂ ತಾಗಿಸಲು ಬಿಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದಕ್ಕೆ ಇಡೀ ಪಾತ್ರೆ ಸಾರು ಕೆಲಸದವಳ ಮನೆಗೆ ಹೋಗಿತ್ತು. ಉಪ್ಪು ಸಾಕೋ ಬೇಕೋ ಎನ್ನುವುದನ್ನು ಅವರು ಆವಿಯ ವಾಸನೆಯಿಂದ ಹೇಳುತ್ತಾರೆ, ತಪ್ಪುವುದಿಲ್ಲ. ಹಾಗಾಗಿ ಅವರಿದ್ದಷ್ಟು ದಿನ ಮನೆಯಲ್ಲಿ ಉಪ್ಪು ಹಾಕುವ ಕೆಲಸ ಅವರದೇ. ನಾನು ಎಲ್ಲ ಕುದಿಸಿ ಒಲೆಯಿಂದ ಸರಿದು ನಿಲ್ಲಬೇಕು. ಅವರು ಬಂದು ಬಗ್ಗಿ ಮೂಸಿ, ಹಾಕಿ ಹೋಗುತ್ತಾರೆ.

ಸಂಕಷ್ಟಿಯ ದಿನ ಈರುಳ್ಳಿ, ಬೆಳ್ಳುಳ್ಳಿ ಎಂದಾಗ ಮಾತ್ರ ಅವರು ಹಣೆ ಹಣೆ ಚಚ್ಚಿಕೊಂಡರು.

“ನಿಮ್ಮಗಳ ಕರ್ಮ! ನನ್ನ ಅಡುಗೆಮನೆಯೊಳಗೆ ಬೇಡ. ನಾನು ಆ ಕಡೆ ತಿರುಗಿಯೂ ನೋಡಲ್ಲ.”

ಅದಕ್ಕೇ ಬಾಲ್ಕನಿಯಲ್ಲಿ ಕರೆಂಟಿನ ಒಲೆ ಹೂಡಿದೆ. ಮಗಳು ಆಶಿತಾಳನ್ನು ಬೆಳಿಗ್ಗೆಯೇ ಒಲಿಂಡಾಳ ಮನೆಗೆ ಅಟ್ಟಿದೆ. ಎಂಟು ವರ್ಷದ ಹುಡುಗಿ “ಸೋ ಸ್ಮೆಲ್ಲಿ” ಎಂದು ಮೂಗು ಮುಚ್ಚಿಕೊಂಡೇ ಹೋದಳು. ಹೊಗೆಮೆಣಸಿನ ಪುಡಿ ಬಿದ್ದದ್ದೇ ತಡ, ಹಸಿದ ಹೊಟ್ಟೆಗೆ ಆ ವಾಸನೆ ನೆತ್ತಿಗೇರಿತು. ಅಡುಗೆ ಎಲ್ಲಿಗೆ ಬಂತು ಎಂದು ಇವರು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕುತ್ತಿದ್ದರು. “ದಪ್ಪ ಆಯ್ತಾ? ಇಂಟರ್ನೆಟ್ಟಲ್ಲಿ ಇದಕ್ಕಿಂತ ಕೆಂಪಗಿದೆ.” ನಾನು ಸೌಟು ಎತ್ತಿದೆ. ಇವರು ಒಳಗೆ ಹೋದರು.

ಕ್ಯಾಬೇಜ್ ಬೆಂದಿತು. ಇನ್ನು ಉಪ್ಪು. ಅತ್ತೆ ಈ ಪಾತ್ರೆಯ ಹತ್ತಿರ ಬರುವವರಲ್ಲ. ಅಂದಾಜಿನಲ್ಲಿ ನಾನೇ ಹಾಕಿ ತಿರುವಿದೆ. ಆಮೇಲೆ ಒಲೆ ಸಣ್ಣಗೆ ಮಾಡಿ ಸೀರೆ ಬದಲಿಸಲು ಹೋದೆ. ಹೊರಗೆ ಬರುವಾಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಲ್ಕನಿಯಿಂದ ಒಳಗೆ ಬರುತ್ತಿದ್ದರು. ಒಗೆದ ಬಟ್ಟೆ ಮುಟ್ಟಿ ನೋಡಲು ಹೋಗಿರಬೇಕು ಎಂದುಕೊಂಡೆ.

ದುವಾರ್ತೆ ಮಧ್ಯಾಹ್ನ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಎತ್ತರದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಕೈಯಲ್ಲಿ ಖರ್ಜೂರದ ಡಬ್ಬಿ. ಮೇಜಿನ ಮೇಲೆ ಒಂದೇ ತಟ್ಟೆ ಕಂಡು ಗಾಬರಿಯಾದರು.

“ನೀವು?”

ಇವರು ಉಪವಾಸದ ವಿಷಯ, ಚಂದ್ರನ ವಿಷಯ ವಿವರಿಸಿದರು. ಪಾಪ, ಆ ಮನುಷ್ಯ ಮೂರು ಜನ ಹಸಿದವರ ಕಣ್ಣೆದುರು ಒಬ್ಬರೇ ಕೂತು ಉಣ್ಣಬೇಕಾಯಿತು. ಮಂಗಳಾರತಿಗೆ ನಿಂತವರ ಹಾಗೆ ನಾವು ಸುತ್ತ ನಿಂತಿದ್ದೆವು.

ಮೊದಲ ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತು.

“ನನ್ನ ತಾಯಿಯ ಸೂಪು,” ಎಂದರು ಇಂಗ್ಲಿಷಿನಲ್ಲಿ. “ಹಾಗೆಯೇ ಇದೆ. ಥೇಟ್ ಹಾಗೆಯೇ.”

ಇವರು ನನ್ನ ಕಡೆ ನೋಡಿದ ನೋಟವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಜಂಬ ಬಂತು.

ತಟ್ಟೆ ಖಾಲಿಯಾದದ್ದೇ ಅತ್ತೆ ನನಗೆ ಸನ್ನೆ ಮಾಡಿದರು. ಅತಿಥಿ ಸಾಕು ಎಂದ ಮೇಲೂ ಒಂದು ಸೌಟು ಬಡಿಸದಿದ್ದರೆ ಅದು ನಮ್ಮ ಮನೆಯ ಊಟವೇ ಅಲ್ಲ. ದುವಾರ್ತೆ ಎರಡೂ ಕೈ ಅಡ್ಡ ಹಿಡಿದರು. ನಾನು ಕೈಗಳ ನಡುವಿನಿಂದಲೇ ಬಡಿಸಿದೆ. ಅದನ್ನೂ ತಿಂದರು. ನೀರು ಮಾತ್ರ ಬಹಳ ಕುಡಿದರು. ಜಗ್ಗನ್ನು ಮತ್ತೆ ತುಂಬಿಸಿ ತಂದೆ. ಮೆಣಸು ಹೆಚ್ಚಾಯಿತೇನೋ ಎಂದುಕೊಂಡೆ.

ಕೈ ತೊಳೆದು ಕೂತ ಮೇಲೆ ಇವರು ಕೇಳಿಯೇ ಬಿಟ್ಟರು.

“ಮುಂದಿನ ಪಟ್ಟಿಯಲ್ಲಿ ನಾನಿದ್ದೀನಾ? ಇದ್ದರೆ ಹೇಳಿಬಿಡಿ. ಸೋಹಾರಿನಲ್ಲಿ ಒಂದು ಅವಕಾಶವಿದೆ.”

ದುವಾರ್ತೆ ಖರ್ಜೂರದ ಡಬ್ಬಿಯನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದರು.

“ರಾಜ್, ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಿದ್ದೀಯ. ನಾನಿರುವ ತನಕ ನಿನ್ನ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಆರಾಮಾಗಿರು.”

ಅವರು ಹೊರಟ ಮೇಲೆ ನಮ್ಮ ಮನೆಯ ಗಾಳಿಯೇ ಬದಲಾಯಿತು. ಇವರು ಸ್ನಾನ ಮಾಡಿದರು, ಗುನುಗಿದರು, ಆಶಿತಾಳ ಮುಂದಿನ ವರ್ಷದ ಸ್ಕೂಲ್ ಬಸ್ಸಿನ ವಿಷಯ ಮಾತಾಡಿದರು. “ಸೋಹಾರಿನವರಿಗೆ ಚಂದ್ರದರ್ಶನ ಆದ ಮೇಲೆ ಇಲ್ಲ ಅಂತ ಮೆಸೇಜ್ ಹಾಕ್ತೀನಿ” ಎಂದರು. ಫ್ರಿಜ್ಜಿನ ಬಾಗಿಲು ಆ ಸಂಜೆ ಒಂದು ಸಲವೂ ಸದ್ದು ಮಾಡಲಿಲ್ಲ. ನನಗೇ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಬಯಸಿದ್ದು ಸಿಕ್ಕಿದ ಮೇಲೂ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹಸಿವೆಂದುಕೊಂಡೆ.

ಅಂತೂ ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಪಕ್ಕ ಚಂದ್ರ ಕಾಣಿಸಿದ. ತಾರಸಿಯಲ್ಲಿ ಅರ್ಘ್ಯ ಬಿಟ್ಟು ಕೆಳಗೆ ಬಂದೆವು. ಅತ್ತೆ ಅಡುಗೆಮನೆಯಲ್ಲಿ ಎಲೆ ಹಾಕತೊಡಗಿದರು. ಉಳಿದ ಸೂಪನ್ನು ಒಲಿಂಡಾಳಿಗೆ ಕೊಡೋಣವೆಂದು ನಾನು ಬಾಲ್ಕನಿಗೆ ಹೋದೆ. ಅವಳ ದಯದಿಂದಲೇ ಆದದ್ದಲ್ಲವೇ? ಡಬ್ಬಿಗೆ ತುಂಬುವ ಮೊದಲು, ದುವಾರ್ತೆಯ ಕಣ್ಣಲ್ಲಿ ನೀರು ತರಿಸಿದ ಆ ರುಚಿ ಎಂಥದಿರಬಹುದು ಎಂದು ಆಸೆಯಾಯಿತು. ಉಪವಾಸ ಮುಗಿದಿತ್ತಲ್ಲ. ಒಂದು ಚಮಚ ಬಾಯಿಗಿಟ್ಟೆ.

ಉಪ್ಪೆಂದರೆ ಉಪ್ಪು. ಬಾಯಿ ಕಿತ್ತುಬರುವಂಥ ಉಪ್ಪು. ಬಾಲ್ಕನಿಯ ಮೂಲೆಯಲ್ಲೇ ಉಗಿದೆ.

“ಅಮ್ಮಾ,” ಎಂದು ಕೂಗಿದೆ. “ನೀವು ಈ ಸೂಪಿಗೆ ಉಪ್ಪು ಹಾಕಿದ್ರಾ?”

ಅತ್ತೆ ಬಾಲ್ಕನಿಯ ಬಾಗಿಲಿಗೆ ಬಂದರು. ಅಪರಾಧಿಯಂತೆ ತಲೆ ತಗ್ಗಿಸಿದರು.

“ಹಾಕಿದೆ ಕಣೆ. ಮುಟ್ಟಲ್ಲ ಅಂದಿದ್ದೆ ನಿಜ. ಮಗನ ಕೆಲಸದ ಪ್ರಶ್ನೆ, ಗಣಪತಿ ಕ್ಷಮಿಸ್ತಾನೆ ಅಂತ ಹೋಗಿ ಹಾಕಿ ಬಂದೆ. ಆ ದರಿದ್ರ ಹೊಗೆ ವಾಸನೇಲಿ ಉಪ್ಪು ಇದೆಯೋ ಇಲ್ಲವೋ ಮೂಗಿಗೆ ತಿಳೀಲೇ ಇಲ್ಲ. ಯಾಕೆ, ಕಮ್ಮಿಯಾಗಿತ್ತಾ?”

ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ಇದನ್ನು ಆ ಮನುಷ್ಯ ಎರಡು ತಟ್ಟೆ ತಿಂದರು. ಥೇಟ್ ತಾಯಿಯ ಸೂಪು ಎಂದರು. ಅದೇ ಮುಖದಲ್ಲಿ, ಅದೇ ಮೆತ್ತಗಿನ ದನಿಯಲ್ಲಿ, ನಿನ್ನ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ ಎಂದರು.

ಹಾಲ್‌ನಲ್ಲಿ ಇವರು ಸೋಫಾದ ತುದಿಯಲ್ಲಿ ಕೂತು ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಆ ಹಣೆ ಗಂಟಿಲ್ಲದೆ ಇತ್ತು. ಒಂದು ಕ್ಷಣ ಸೂಪನ್ನು ಸಿಂಕಿಗೆ ಸುರಿದು ಸುಮ್ಮನಾಗಿಬಿಡೋಣ ಅನ್ನಿಸಿತು. ಇವತ್ತೊಂದು ರಾತ್ರಿಯಾದರೂ ಈ ಮನುಷ್ಯ ನಿದ್ದೆ ಮಾಡಲಿ ಎಂದು ಕರುಳು ಎಳೆಯಿತು.

“ಕಳಿಸಿದ್ರಾ?” ಎಂದೆ, ಚಮಚದ ತುಂಬ ಸೂಪು ಹಿಡಿದು ಬಂದು.

“ಬರೀತಾ ಇದ್ದೀನಿ. ಎಷ್ಟು ವಿನಯವಾಗಿ ಇಲ್ಲ ಅನ್ನೋದು ಅಂತ.”

“ಬಾಯಿ ತೆಗೀರಿ,” ಎಂದು ಚಮಚ ಮುಂದೆ ಹಿಡಿದೆ.

ನಗುತ್ತಾ ತೆಗೆದರು. ಮರುಕ್ಷಣ ಎದ್ದು ಬಾತ್‌ರೂಮಿಗೆ ಓಡಿದರು. ಬಾಯಿ ಮುಕ್ಕಳಿಸಿ ಬಂದು ನನ್ನ ಮುಖ ನೋಡಿದರು. ಅವರ ಮುಖದಿಂದ ಆ ನಗು ಇಳಿದು ಹೋಗುವುದನ್ನು ನಿಂತು ನೋಡಿದೆ. ಅಷ್ಟು ಸಂಕಟ ನನಗೆ ಯಾವ ಗುರುವಾರವೂ ಆಗಿರಲಿಲ್ಲ.

“ಇದನ್ನ ಎರಡು ಸಲ ಹಾಕಿಸಿಕೊಂಡ್ರಲ್ಲೇ,” ಎಂದರು ಮೆಲ್ಲಗೆ.

“ಹೌದು.”

ಸ್ವಲ್ಪ ಹೊತ್ತು ಓಡಾಡಿದರು. ಫ್ರಿಜ್ಜಿನ ಬಾಗಿಲು ತೆಗೆದರು, ಮುಚ್ಚಿದರು. ಆಮೇಲೆ ಬರೆದ ಮೆಸೇಜನ್ನು ಅಳಿಸಿ, ದುವಾರ್ತೆಗೇ ಫೋನು ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

“ಸರ್, ನಾನು ಸೋಹಾರಿಗೆ ಹೋಗುತ್ತೇನೆ. ನಿಮ್ಮ ಅಡ್ಡಿಯಿಲ್ಲವೆಂಬ ಕಾಗದ ಬೇಕು.”

ಯಾಕೆ ಎಂದು ಕೇಳುತ್ತಾರೆ, ಮಧ್ಯಾಹ್ನ ತಾನೇ ಹೇಳಿದೆನಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಹಾಗೆ ಅನ್ನಲಿ ಎಂದು ದೇವರಿಗೆ ಹರಕೆ ಹೊತ್ತೆ. ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು.

“ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾ, ರಾಜ್. ಸಹಿ ಹಾಕಿಕೊಡುತ್ತೇನೆ. ಗುರುವಾರದ ತನಕ ಕಾಯಬೇಡ.”

“ಥ್ಯಾಂಕ್ಯೂ ಸರ್.”

ಫೋನು ಇಡುತ್ತಾರೆ ಎಂದುಕೊಂಡೆವು. ಇಡಲಿಲ್ಲ. ಉಸಿರು ಕೇಳುತ್ತಿತ್ತು. ಅತ್ತೆ ಕೈಯಲ್ಲಿ ಎಲೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

“ರಾಜ್, ನಿನ್ನ ಹೆಂಡತಿಗೆ ಹೇಳು,” ಎಂದರು ದುವಾರ್ತೆ. “ಆ ಸೂಪಿಗೆ ಉಪ್ಪು ಬಹಳ ಹೆಚ್ಚಾಗಿತ್ತು.”